ಬೆಳ್ಳಾರೆಗೆ ಹೋದ ಬೆಕ್ಕು

ಬೆಕ್ಕಿನ ಮೇಲೆ ತಪ್ಪು ಹೊರಿಸಿದವಳು ನಾನೇ. ಅದಕ್ಕೆ ಬಾಯಿ ಇರಲಿಲ್ಲ, ನನಗೆ ಇತ್ತು.

ಮದುವೆಯ ಮಾತುಕತೆಯಲ್ಲಿ ನನ್ನ ಅಮ್ಮ, "ಹುಡುಗಿಗೆ ಕನ್ನಡಕ ಇಲ್ಲ" ಎಂದುಬಿಟ್ಟಿದ್ದರು. ಇರಲಿಲ್ಲ, ನಿಜ. ಕಣ್ಣೊಳಗೆ ಮೈನಸ್ ಐದರ ಲೆನ್ಸ್ ಇತ್ತು. ಪೆರಾಬೆಯ ಈ ಮನೆಗೆ ಬಂದು ವರ್ಷವಾದರೂ ಗಂಡ ಸುಜಯನನ್ನು ಬಿಟ್ಟರೆ ಯಾರಿಗೂ ಅದು ಗೊತ್ತಿರಲಿಲ್ಲ. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಹಾಕುವುದು, ಮಲಗುವಾಗ ತೆಗೆಯುವುದು. ತಿಂಗಳಿಗೊಮ್ಮೆ ಎಸೆಯಬೇಕಾದ ಲೆನ್ಸನ್ನು ನಾಲ್ಕು ತಿಂಗಳು ಎಳೆದೆ. ಹೊಸದು ತರಿಸಿದರೆ ಪಾರ್ಸೆಲ್ ಮಾವನ ಕೈಗೆ ಸಿಕ್ಕೀತೆಂಬ ಹೆದರಿಕೆ.

ಕಣ್ಣು ಕೆಂಪಾಯಿತು, ತುರಿಸಿತು, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳತೊಡಗಿತು. ಒಂದು ದಿನ ಊಟಕ್ಕೆ ಕುಳಿತಾಗ ಅತ್ತೆ ದಮಯಂತಿ, "ಎಂತ ಭವಿತಾ ಕಣ್ಣಿಗೆ?" ಎಂದು ಕೇಳಿದರು. ಅವರ ಕಾಲ ಬಳಿ ಬೆಕ್ಕು ಮೀನಿನ ಮುಳ್ಳಿಗೆ ಕಾದು ಕುಳಿತಿತ್ತು.

"ಬೆಕ್ಕಿನ ರೋಮ ನಂಗೆ ಆಗುದಿಲ್ಲ ಕಾಣ್ತದೆ ಅತ್ತೆ" ಎಂದೆ. ಕಣ್ಣಿಗೆ ಬಿದ್ದದ್ದು ಅದೇ, ಹೇಳಿಬಿಟ್ಟೆ.

ಅತ್ತೆ ಬೆಕ್ಕನ್ನೊಮ್ಮೆ ನೋಡಿ, ಮುಳ್ಳನ್ನು ಅದಕ್ಕೆ ಹಾಕಿದರು. ಮರುದಿನ ಮಾವ ಕುಕ್ಕಪ್ಪ ಅಡಿಕೆ ಕೊಡಲು ಬೆಳ್ಳಾರೆಗೆ ಹೊರಟಾಗ ಜೀಪಿನ ಹಿಂದೆ ಒಂದು ಗೋಣಿ ಅಲುಗಾಡುತ್ತಿತ್ತು. ನಮ್ಮ ಕಡೆ ಬೇಡವಾದ ಬೆಕ್ಕನ್ನು ಯಾರೂ ಕೊಲ್ಲುವುದಿಲ್ಲ. ದೂರದ ಮೀನು ಮಾರ್ಕೆಟಿನಲ್ಲಿ ಬಿಟ್ಟು ಬರುತ್ತಾರೆ. ಅಲ್ಲಿ ಅದರ ಹೊಟ್ಟೆ ತುಂಬುತ್ತದೆ ಎಂದು ನಾನೂ ಸಮಾಧಾನ ಹೇಳಿಕೊಂಡೆ.

ಎರಡು ವಾರವಾದರೂ ಕಣ್ಣು ಕೆಂಪಾಗಿಯೇ ಇತ್ತು. ಕೊನೆಗೆ ಪುತ್ತೂರಿನ ಕಣ್ಣಿನ ಡಾಕ್ಟರಲ್ಲಿಗೆ ಹೋದೆ. ಅವರು ರೆಪ್ಪೆ ಮಗುಚಿ ನೋಡಿ, "ಒಳಗೆಲ್ಲ ಗುಳ್ಳೆ ಎದ್ದಿದೆ. ಲೆನ್ಸ್ ಎಷ್ಟು ಹಳೇದು?" ಎಂದರು.

"ನಾಲ್ಕು ತಿಂಗಳು. ಆದ್ರೆ ಮನೆಯಲ್ಲಿ ಬೆಕ್ಕು ಕೂಡ ಇತ್ತು ಡಾಕ್ಟ್ರೇ."

"ಈಗ ಇಲ್ವಾ? ಮತ್ತೆ ಕೆಂಪು ಯಾಕೆ ಹೋಗ್ಲಿಲ್ಲ? ಪಾಪ, ಬೆಕ್ಕು ಎಂತ ಮಾಡ್ತದೆ! ಲೆನ್ಸಿಗೆ ಅಂಟಿದ ಕೊಳೆಗೆ ಅಲರ್ಜಿ ಆದದ್ದು ಇದು. ಡ್ರಾಪ್ಸ್ ಬಿಡಿ, ಎರಡು ತಿಂಗಳು ಕನ್ನಡಕ ಹಾಕಿ."

ನಾಚಿಕೆಯಿಂದ ಮುಖ ಬಿಸಿಯಾಯಿತು. ಲೆನ್ಸ್ ತೆಗೆದು, ಬ್ಯಾಗಿನ ತಳದಲ್ಲಿ ಅಡಗಿಸಿಟ್ಟಿದ್ದ ಕಾಲೇಜು ದಿನಗಳ ಕನ್ನಡಕ ಹಾಕಿಕೊಂಡು, ಮನೆಯ ಬಸ್ಸು ಬಿಟ್ಟು ಬೆಳ್ಳಾರೆಯ ಬಸ್ಸು ಹತ್ತಿದೆ. ಹೇಗಾದರೂ ಬೆಕ್ಕನ್ನು ಹಿಡಿದುಕೊಂಡೇ ಮನೆಗೆ ಹೋಗಬೇಕೆಂದು ಹಟ ಬಂದಿತ್ತು.

ಮಾರ್ಕೆಟಿನಲ್ಲಿ ಮೀನು ಮಾರುವ ಮೊಯ್ದಿನಬ್ಬ ನನ್ನ ಪ್ರಶ್ನೆಗೆ ನಕ್ಕರು. "ಬೆಕ್ಕಾ? ವಾರಕ್ಕೆ ಎರಡು ಗೋಣಿ ಬರ್ತದೆ ಇಲ್ಲಿಗೆ. ನಿಮ್ಮದು ಯಾವುದು?"

"ಕಂದು ಬಣ್ಣ. ಬಾಲದ ತುದಿ ಮಾತ್ರ ಬಿಳಿ."

ಅವರ ನಗು ನಿಂತಿತು. "ಅದಾ... ಮೀನು ಹಾಕಿದ್ರೂ ಮೂಸಿ ನೋಡ್ಲಿಲ್ಲ. ಯಾವ ಜೀಪು ಬಂದ್ರೂ ಓಡಿ ಹೋಗಿ ನೋಡುದು, ಮತ್ತೆ ಬಂದು ಕೂರುದು. ನಾಲ್ಕು ದಿನ ಇತ್ತು. ಮತ್ತೆ ನಾನು ಕಾಣ್ಲಿಲ್ಲ."

ಮಾರ್ಕೆಟಿನ ಸುತ್ತ ಮೂರು ಸಲ ಹುಡುಕಿದೆ. ಕನ್ನಡಕದೊಳಗೆ ನೀರು ತುಂಬುತ್ತಿತ್ತು. ಈ ಸಲ ಅಲರ್ಜಿಯೆಂದು ಹೇಳಿಕೊಳ್ಳುವ ಧೈರ್ಯ ನನಗೇ ಇರಲಿಲ್ಲ.

ಮನೆ ಸೇರಿದಾಗ ಅತ್ತೆ ಹಿತ್ತಿಲಲ್ಲಿ ಬಂಗುಡೆ ಮೀನು ಶುಚಿ ಮಾಡುತ್ತಿದ್ದರು. ತಲೆಗಳನ್ನು ಬೇರೆಯಾಗಿ ಒಂದು ತೆಂಗಿನ ಗೆರಟೆಯಲ್ಲಿ ತೆಗೆದಿಟ್ಟಿದ್ದರು, ಅಭ್ಯಾಸಬಲದಿಂದ. ತಲೆಯೆತ್ತಿ ನನ್ನನ್ನು ನೋಡಿ, "ಇದೆಂತ ಕನ್ನಡಕ?" ಎಂದರು.

ಎಲ್ಲ ಹೇಳಿದೆ. ಲೆನ್ಸ್, ಅಮ್ಮನ ಮಾತು, ನಾಲ್ಕು ತಿಂಗಳು, ಮೊಯ್ದಿನಬ್ಬ ಹೇಳಿದ ಜೀಪಿನ ವಿಷಯ. "ಬೆಕ್ಕಿನದ್ದು ಏನೂ ತಪ್ಪಿರ್ಲಿಲ್ಲ ಅತ್ತೆ. ಬೈಯಿರಿ ನಂಗೆ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮೀನಿನ ಕೈಯನ್ನು ನಿಧಾನ ತೊಳೆದುಕೊಂಡರು.

"ಆ ಬೆಕ್ಕು ಮಾವನ ಕೈಗೆ ಸಿಕ್ಕುದಿಲ್ಲ" ಎಂದರು. "ಹಾಗಾಗಿ ನಾನೇ ಕರೆದು ಗೋಣಿಗೆ ಹಾಕಿದ್ದು. ಊಟಕ್ಕೆ ಕರೆದದ್ದು ಅಂತ ಓಡಿ ಬಂತು."