ತವಮಣಿಗೆ ಎರಡು ಸಾಲು

ಕುಕ್ಕರ್ ಎಷ್ಟು ವಿಸಿಲ್ ಹಾಕಿತು, ಎರಡೋ ಮೂರೋ, ಮೊದಲನೆಯದು ಮಗ ಪರಿದಿ ಸ್ಟೂಲಿನಿಂದ ಬಿದ್ದು ಅತ್ತಾಗ, ಆಮೇಲಿನದು ಪೋಸ್ಟರ್ ಅಂಗಡಿಯ ಚೊಕ್ಕಲಿಂಗಂ ಅಣ್ಣನ ಫೋನು ಬಂದಾಗ, ಇಲ್ಲ, ಅದು ಕೆಳಗಿನ ಮನೆಯ ಕುಕ್ಕರ್ ಇರಬೇಕು, ಭಾನುವಾರ ಮಧ್ಯಾಹ್ನವಾದರೆ ಮದುರೆಯ ಈ ಬೀದಿಯಲ್ಲಿ ಯಾವ ಕೂಗು ಯಾರ ಮನೆಯದು ಎಂದು ತಿಳಿಯುವುದೇ ಇಲ್ಲ — ತವಮಣಿ ಇದ್ದಿದ್ದರೆ ಚಾಪೆಯ ಮೇಲೆ ಮಲಗಿಕೊಂಡೇ ಹೇಳುತ್ತಿದ್ದ, ಮೂರಾಯ್ತು ಅರಸೀ, ಆರಿಸು, ಬಸ್ಸು ಹೊರಡ್ತು ಅಂತ, ಟೌನ್ ಬಸ್ಸಿನ ಕಂಡಕ್ಟರ್‌ಗೆ ವಿಸಿಲ್ ಲೆಕ್ಕ ತಪ್ಪುವುದುಂಟೇ. ಮಂಗೈಯರ್ಕರಸಿ ಎದ್ದು ಹೋಗಿ ಒಲೆ ಆರಿಸಿದಳು, ಬಂದು ಮತ್ತೆ ಗೋಡೆಗೊರಗಿ ಫೋನು ಕೈಗೆತ್ತಿಕೊಂಡಳು. ಪರದೆಯ ಮೇಲೆ ಬೆಳಗಿನಿಂದ ಅವೇ ಅಕ್ಷರಗಳು, ಮೊದಲ ವರ್ಷದ ನೆನಪಿನ ಅಂಜಲಿ, ಕೆಳಗೆ ತವಮಣಿ ಎಂಬ ಹೆಸರು, ಅದರ ಕೆಳಗೆ ಖಾಲಿ. ಎರಡು ಸಾಲು ಬೇಕು, ಎರಡೇ ಎರಡು. ನಾಳೆ ಬೆಳಗಾದರೆ ಅವನು ಹೋಗಿ ವರ್ಷ, ಬಸ್ ಡಿಪೋದ ಗೋಡೆಗೆ ಪೋಸ್ಟರ್ ಅಂಟಬೇಕು, ಅವನ ಜೊತೆಯವರು ಬೆಳಗಿನ ಡ್ಯೂಟಿಗೆ ಬಂದಾಗ ನೋಡಬೇಕು, ಅತ್ತೆ ಪೇಚ್ಚಿಯಮ್ಮಾಳ್ ಉಸಿಲಂಪಟ್ಟಿಯಿಂದ ಮೊದಲ ಬಸ್ಸಿಗೇ ಬಂದು ಗೋಡೆಯ ಮುಂದೆ ನಿಲ್ಲುತ್ತಾಳೆ, ಯಾರನ್ನಾದರೂ ಹಿಡಿದು ಓದಿಸುತ್ತಾಳೆ. ಫೋನಿನಲ್ಲಿ ಬೈದಿದ್ದಳು, ಊರಿನ ಹೆಣಕ್ಕೆಲ್ಲ ಬರೀತೀಯಲ್ಲ, ನನ್ನ ಮಗನಿಗೆ ಬರೆಯೋಕೆ ಯಾಕೆ ಇಷ್ಟು ತಿಣುಕಾಡ್ತೀಯ, ಊರಿಗೆ ಉಪಕಾರಿ ಮನೆಗೆ ಮಾರಿ ಅಂದ್ರೆ ನೀನೇ ನೋಡು. ಹೌದು ಅತ್ತೆ, ನಾನೇ.

ಎಂಥಾ ವರ್ಷ ಇದು, ಏನೆಲ್ಲ ಬರೆದಳು. ಪರಿದಿ ಹೊಟ್ಟೆಯಲ್ಲಿದ್ದಾಗಲೇ ಶಾಲೆಯ ತಮಿಳು ಟೀಚರ್ ಕೆಲಸ ಬಿಟ್ಟಿದ್ದವಳು, ಒಂದು ಜ್ವರ ಬಂದು ವಾರದೊಳಗೆ ತವಮಣಿಯನ್ನು ಎತ್ತಿಕೊಂಡು ಹೋದ ಮೇಲೆ ಮೂರು ವರ್ಷದ ಮಗುವನ್ನು ಯಾರ ಮಡಿಲಲ್ಲಿ ಹಾಕಿ ಯಾವ ಶಾಲೆಗೆ ಹೋಗುವುದು, ಮನೆಯಲ್ಲೇ ಕೂತು ಬರೆದುಕೊಡುತ್ತೇನೆ ಎಂದಳು, ಬಂದದ್ದೆಲ್ಲ ಬರೆದಳು. ಒಂದು ಚಾನೆಲ್ಲಿಗೆ ದಿನಾ ರಾಶಿಫಲ — ಕನ್ಯಾ ರಾಶಿಯವರಿಗೆ ಇಂದು ಗಂಡನಿಂದ ಸಂತೋಷದ ಸುದ್ದಿ, ತನ್ನದೇ ರಾಶಿ, ತಾನೇ ಬರೆದದ್ದು, ಬರೆದು ನಗು ಬಂತು, ನಗುತ್ತಾ ನಗುತ್ತಾ ಸೆರಗು ಬಾಯಿಗೆ ತುರುಕಿಕೊಂಡಳು, ಮಕ್ಕಳು ಮಲಗಿದ್ದವು. ಮೈನೆರೆದ ಹುಡುಗಿಯರ ಆರತಿಯ ಫ್ಲೆಕ್ಸಿಗೆ ಪದ್ಯ, ಕಿವಿ ಚುಚ್ಚುವ ಶಾಸ್ತ್ರಕ್ಕೆ ಸೋದರಮಾವನ ಹೊಗಳಿಕೆ, ತಾನು ತಿಂದೇ ಇಲ್ಲದ ಅಡುಗೆಗಳ ವಿಧಾನ, ಯಾರೋ ಮಕ್ಕಳ ಭಾಷಣ ಸ್ಪರ್ಧೆಗೆ ತಾಯಿಯ ಮಹಿಮೆ. ಅದನ್ನು ಬರೆಯುವಾಗ ತಾಯಿಯ ಬೆನ್ನ ಮೇಲೆ ಪರಿದಿ ಆನೆ ಆಡುತ್ತಿದ್ದ, ಇಳಿಯೋ, ಇಳಿಯೋ ಅಂದ್ರೆ, ಎಂದು ಒಂದು ಬಿಟ್ಟಳು, ಅವನು ಬಾತ್‌ರೂಮಿನ ಬಾಗಿಲ ಹಿಂದೆ ನಿಂತು ಸದ್ದಿಲ್ಲದೆ ಅತ್ತ, ಇವಳು ತಾಯಿಯ ಮಹಿಮೆ ಮುಗಿಸಿ ಕಳಿಸಿ ಆಮೇಲೆ ಹೋಗಿ ಎತ್ತಿಕೊಂಡಳು. ಅಮುದಾಗೆ ಒಂಬತ್ತು, ಅವಳೇ ತಮ್ಮನಿಗೆ ಗದರುತ್ತಾಳೆ, ಶ್, ಅಮ್ಮ ಬರೀತಿದೆ, ಸತ್ತೋರ ಕೆಲಸ ಅರ್ಜೆಂಟು. ಹೌದು, ಸತ್ತವರ ಕೆಲಸಕ್ಕೇ ಅರ್ಜೆಂಟು, ಮದುವೆಯವರು ಕಾಯುತ್ತಾರೆ, ಇವರು ಕಾಯುವುದಿಲ್ಲ, ಹೆಣ ಎತ್ತುವುದರೊಳಗೆ ಗೋಡೆಗೆ ಬೀಳಬೇಕು ಕಣ್ಣೀರ ಅಂಜಲಿ. ಅದು ಶುರುವಾದದ್ದೂ ತವಮಣಿಯಿಂದಲೇ. ಅವನು ಹೋದ ದಿನ ಚೊಕ್ಕಲಿಂಗಂ ಅಣ್ಣನ ಅಂಗಡಿಯಿಂದ ಬಂದ ಪೋಸ್ಟರಿನಲ್ಲಿ ನಿನ್ನ ನಗುವೇ ನಮ್ಮ ಮನೆಯ ದೀಪ ಎಂದಿತ್ತು, ಅದೇ ಸಾಲು ಅದೇ ಬೀದಿಯಲ್ಲಿ ಸತ್ತ ಒಬ್ಬ ಮುದುಕಿಗೂ ಇತ್ತು, ಹದಿನಾರನೆಯ ದಿನದ ಕರ್ಮ ಕಳೆದ ಮೇಲೆ ಅವಳೇ ಹೋಗಿ ಕೇಳಿದಳು, ಏನಣ್ಣಾ ಇದು, ನನ್ನ ಗಂಡ ನಕ್ಕಿದ್ದನ್ನು ನೀವು ನೋಡಿದ್ದೀರಾ. ಅವನು ತಲೆ ಕೆರೆದುಕೊಂಡ, ತಂಗೀ, ನಂಗೆ ಗೊತ್ತಿರೋದೇ ನಾಲ್ಕು ಪದ್ಯ, ಅದ್ರಲ್ಲೇ ಊರೆಲ್ಲಾ ಸಾಯ್ಬೇಕು, ನೀನು ಓದ್ದೋಳು, ಬರ್ಕೊಡು. ಬರೆದುಕೊಟ್ಟಳು.

ಹೇಗೆ ಬರೆಯುವುದು, ಸತ್ತವರ ಮನೆಯವರನ್ನು ಫೋನಿನಲ್ಲಿ ಕೇಳುತ್ತಾಳೆ, ನಿಮ್ಮ ತಂದೆಯವರದ್ದು ಏನಾದರೂ ಒಂದು ಹೇಳಿ, ಅವರೇ ಮಾಡುತ್ತಿದ್ದದ್ದು, ಬೇರೆ ಯಾರೂ ಮಾಡದೇ ಇದ್ದದ್ದು. ಆ ಕಡೆಯಿಂದ ಅಳು, ಅಳುವಿನ ನಡುವೆ, ತುಂಬಾ ಒಳ್ಳೇವ್ರಮ್ಮಾ, ತುಂಬಾ ಒಳ್ಳೇವ್ರು. ಅಷ್ಟೇ. ಬಾಯಿಗೆ ಬರುವುದಿಲ್ಲ ಪಾಪ, ಹೆಣ ಹಜಾರದಲ್ಲಿ ಇರುವಾಗ ಯಾರಿಗೆ ನೆನಪು ಬರುತ್ತದೆ, ತನಗೆ ಬಂದಿತ್ತೇ. ಚೊಕ್ಕಲಿಂಗಂ ಅಣ್ಣ ಅಂಗಡಿಯಿಂದ ಅವಸರಿಸುತ್ತಾನೆ, ಮಷಿನ್ ಬಿಸಿಯಾಗಿ ಕೂತಿದೆ ತಂಗೀ, ಅಕ್ಕಿ ಹಾಕು. ಆಗ ಒಂದು ದಿನ, ಯಾವ ದಿನ, ಹೆಡ್‌ಮಾಸ್ತರರೊಬ್ಬರು ಸತ್ತ ದಿನ, ಕೈಗೆ ಏನೂ ಸಿಗದೆ, ಮನೆಗೆ ಬಂದಾಗ ತವಮಣಿ ಚಪ್ಪಲಿಯನ್ನು ಒಂದರ ಮೇಲೊಂದು ಇಟ್ಟು ಬಿಡುತ್ತಿದ್ದದ್ದು ಬರೆದಳು, ಜೋಡಿ ಚಪ್ಪಲಿ ಬಾಗಿಲಲ್ಲಿ ಒಂದರ ಮೇಲೊಂದು ಮಲಗಿವೆ, ಬಿಟ್ಟು ಹೋದ ಪಾದಗಳೆಲ್ಲಿ ಎಂದು. ಹೆಡ್‌ಮಾಸ್ತರರ ಮಗಳು ಫೋನು ಮಾಡಿ ಹೋ ಎಂದು ಅತ್ತಳು, ಅಕ್ಕಾ, ಅಪ್ಪ ಹಾಗೇ ಬಿಡ್ತಿದ್ರು, ನಿಮಗೆ ಹೇಗೆ ಗೊತ್ತಾಯ್ತು. ಅಲ್ಲಿಂದ ಕೈ ನಿಲ್ಲಲಿಲ್ಲ. ಅವನ ವಿಸಿಲ್ ಒಬ್ಬ ಪೊಲೀಸಿನವನಿಗೆ ಹೋಯಿತು. ಬೆರಳುಗಳಿಗೆ ಅಂಟಿದ ಚಿಲ್ಲರೆಯ ವಾಸನೆ, ಎಷ್ಟು ತೊಳೆದರೂ ಹೋಗದ್ದು, ದೇವಸ್ಥಾನದ ಮುಂದಿನ ಹೂವಿನ ಮುದುಕನಿಗೆ ಹೋಯಿತು, ಅಲ್ಲಿ ಅದು ಮಲ್ಲಿಗೆಯ ವಾಸನೆಯಾಯಿತು. ಮಳೆ ಬಂದರೆ ತನ್ನ ತಲೆ ಬಿಟ್ಟು ಚರ್ಮದ ಚೀಲಕ್ಕೆ ಟವೆಲ್ ಹೊದಿಸುತ್ತಿದ್ದದ್ದು ಅಂಚೆಯವನಿಗೆ. ಜಗಳವಾದ ಮೇಲೆ ಮಾತಾಡದೆ ಬಂದು ಅವಳ ಬಿಸಿ ಕಾಫಿ ಆರಿಸಿಕೊಡುತ್ತಿದ್ದದ್ದು, ಅಯ್ಯೋ ಅದನ್ನೂ ಕೊಟ್ಟಳು, ಯಾರಿಗೆ, ನೆನಪಿಲ್ಲ. ಊರೆಲ್ಲ ಅಳುತ್ತಿತ್ತು, ತಂಗೀ ನಿನ್ನ ಕೈಲಿ ಸರಸ್ವತಿ ಕೂತಿದ್ದಾಳೆ, ದೂರ ದೂರದವರೂ ನಿನ್ನ ಪದ್ಯಾನೇ ಬೇಕು ಅಂತಾರೆ. ಸರಸ್ವತಿಯಲ್ಲ ಅಣ್ಣಾ, ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂತ ಅದಕ್ಕೆ ಹೆಸರು, ನನ್ನ ಮನೆ, ನನ್ನದೇ ಗಳ, ಹಿರಿದವಳೂ ನಾನೇ. ಆಗ ಅನ್ನಿಸಲಿಲ್ಲ. ಬರೆದ ದಿನ ಅವನು ಹತ್ತಿರ ಬಂದು ಕೂತಂತೆ ಇರುತ್ತಿತ್ತು, ಅದಕ್ಕೇ ಬರೆಯುತ್ತಿದ್ದಳು, ನಿಜ ಹೇಳಬೇಕೆಂದರೆ ಮಕ್ಕಳ ಹೊಟ್ಟೆಗಿಂತ ಅದಕ್ಕೇ.

ಇವತ್ತು ಅವನಿಗೇ ಎಂದು ಹುಡುಕಿದರೆ ಎಲ್ಲದರ ಮೇಲೂ ಇನ್ನೊಬ್ಬರ ಹೆಸರು. ಚಪ್ಪಲಿ ಎಂದು ಬರೆದಳು, ಹೆಡ್‌ಮಾಸ್ತರರ ಮುಖ ಬಂತು, ಅಳಿಸಿದಳು. ವಿಸಿಲ್ ಎಂದು ಬರೆದಳು, ಖಾಕಿ ಟೋಪಿ ಬಂತು. ಕೈತುತ್ತು — ಅದಂತೂ ಕಿರಾಣಿ ಅಂಗಡಿಯ ವೆಳ್ಳೈಚಾಮಿಗೆ ಹೋಗಿ ಇನ್ನೂ ತಿಂಗಳಾಗಿಲ್ಲ, ಬೀದಿಯ ತಿರುವಿನಲ್ಲಿ ಅಂಟಿದೆ, ಮೂಲೆ ಕೂಡ ಹರಿದಿಲ್ಲ. ತವಮಣಿ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಅನ್ನವನ್ನು ಉಂಡೆ ಕಟ್ಟಿ ಅವರ ಅಂಗೈಯಲ್ಲಿ ಇಡುತ್ತಿದ್ದ, ಹೆಬ್ಬೆರಳಿನಿಂದ ಉಂಡೆಯ ನಡುವೆ ಒಂದು ಗುಳಿ ಮಾಡಿ ಅದರೊಳಗೆ ಕುಳಂಬಿನ ಸಾರು ಸುರಿಯುತ್ತಿದ್ದ, ಕೆರೆ ಒಡೆಯೋದ್ರೊಳಗೆ ಬಾಯಿಗೆ ಹಾಕು, ಹಾಕು, ಹಾಕು. ಪರಿದಿಗೆ ಅಪ್ಪ ಎಂದರೆ ಅದೊಂದೇ, ಬೇರೇನೂ ನೆನಪಿಲ್ಲ ಅವನಿಗೆ, ಊಟ ಮಾಡದೆ ಹಟ ಹಿಡಿದಾಗಲೆಲ್ಲ ಇವಳೇ ಹೇಳಿ ಹೇಳಿ ಉಳಿಸಿದ್ದು, ಅಪ್ಪ ಹೇಗೆ ಗುಳಿ ಮಾಡ್ತಿದ್ರು ತೋರ್ಸು ಎಂದರೆ ಬಾಯಿ ಬಿಡುತ್ತಾನೆ. ಆ ಪೋಸ್ಟರನ್ನು ಕಳೆದ ವಾರ ಶಾಲೆಯಿಂದ ಬರುವಾಗ ಅಮುದಾ ನಿಂತು ಗಟ್ಟಿಯಾಗಿ ಓದಿದಳು, ಅಂಗೈ ತುತ್ತಿನಲ್ಲಿ ಗುಳಿ ತೋಡಿ ಸಾರು ತುಂಬಿದವನೇ, ಹಸಿದ ಅಂಗೈ ಚಾಚಿ ನಿಂತಿದ್ದೇವೆ. ಓದಿ ತಾಯಿಯ ಮುಖ ನೋಡಿದಳು. ಅಮ್ಮಾ, ಇದು ನಮ್ಮಪ್ಪಂದು. ಹ್ಞೂಂ. ಈ ಅಂಗಡಿ ತಾತನಿಗೆ ಯಾಕೆ ಕೊಟ್ಟೆ. ಕೊಟ್ಟದ್ದಲ್ಲ ಚಿನ್ನಾ, ಬರೀ ಬರೆದದ್ದು. ಬರೆದ್ರೆ ಕೊಟ್ಟಂಗೇ ಅಲ್ವಾ, ನೀನೇ ಹೇಳ್ತೀಯಲ್ಲ, ಬರೆದು ಕೊಟ್ಟೆ ಅಂತ. ಅಮುದಾ ಬ್ಯಾಗು ತೂಗಿಕೊಂಡು ಮುಂದೆ ಹೋದಳು, ಹಿಂದೆ ಪರಿದಿ ಬರಲಿಲ್ಲ, ತಿರುಗಿ ನೋಡಿದರೆ ಪೋಸ್ಟರಿನ ಕೆಳಗೆ ನಿಂತು ಕತ್ತೆತ್ತಿ ವೆಳ್ಳೈಚಾಮಿಯ ದೊಡ್ಡ ಮೀಸೆಯ ಮುಖ ನೋಡುತ್ತಾ ಬಲಗೈ ಚಾಚಿದ್ದಾನೆ, ಅಂಗೈ ಮೇಲಾಗಿ, ಬೆರಳು ಸ್ವಲ್ಪ ಮಡಿಸಿ, ಉಂಡೆ ಬೀಳದ ಹಾಗೆ. ಆಟ ಎಂದುಕೊಂಡಳು. ಬಾರೋ ಎಂದು ಎಳೆದುಕೊಂಡು ಬಂದಳು. ಆ ಕೈ ಬಿಸಿಲಿಗೆ ಬೆಚ್ಚಗಿತ್ತು.

ಬೇಡ, ಈಗ ಅದು ಬೇಡ, ಎರಡು ಸಾಲು. ಇನ್ನೊಂದಾದರೂ ಇರಬೇಕು, ಹನ್ನೊಂದು ವರ್ಷ ಜೊತೆಗಿದ್ದ ಮನುಷ್ಯ, ಇಷ್ಟು ಬೇಗ ಖಾಲಿಯಾಗುತ್ತಾನೆಯೇ, ಹುಡುಕು ಅರಸೀ, ಬೆಳಗಿನಿಂದ ಹುಡುಕು, ಅವನು ಎದ್ದದ್ದು, ಹಲ್ಲುಜ್ಜಿದ್ದು, ಲುಂಗಿ ಮಡಿಸಿದ್ದು, ಎಲ್ಲ ಗಂಡಸರದೂ ಅದೇ, ರಾತ್ರಿ, ರಾತ್ರಿ ಮಲಗಿದ ಮೇಲೆ — ಹಾಂ. ನಿದ್ದೆಯಲ್ಲಿ ಟಿಕೆಟ್ ಹರಿಯುತ್ತಿದ್ದ. ಕಣ್ಣು ಮುಚ್ಚಿಕೊಂಡೇ, ಅವಳ ತೋಳಿನ ಮೇಲೆ, ಹೆಬ್ಬೆರಳಿನಿಂದ ಒಂದೊಂದೇ ಸರಿಸಿ ಸರಿಸಿ ಹರಿಯುತ್ತಿದ್ದ, ಅವಳು ಅಲುಗಾಡದೆ ಮಲಗಿರುತ್ತಿದ್ದಳು, ಎಲ್ಲರೂ ಇಳಿಯುವವರೆಗೆ. ಇದನ್ನು ಯಾರಿಗೂ ಕೊಟ್ಟಿಲ್ಲ. ದೇವರೇ, ಇದೊಂದನ್ನು ಯಾರಿಗೂ ಕೊಟ್ಟಿಲ್ಲ. ಅವಳಿಗೆ ವರ್ಷದಲ್ಲಿ ಮೊದಲ ಸಲ ಖುಷಿಗೆ ಕಣ್ಣು ತುಂಬಿತು, ಬೆರಳು ಓಡಿತು, ನಿದ್ದೆಯಲ್ಲೂ ನನ್ನ ತೋಳಿನ ಮೇಲೆ ಟಿಕೆಟ್ ಹರಿದವನೇ, ಎರಡನೆಯ ಸಾಲು ಆಮೇಲೆ, ಮೊದಲು ಫೋಟೋ ಕಳಿಸಬೇಕು, ಅಣ್ಣ ಕೇಳಿದ್ದ. ಫೋಟೋ ಬೀರುವಿನಲ್ಲಿ ಸೀರೆಗಳ ಕೆಳಗೆ, ಗೋಡೆಯಲ್ಲಿದ್ದಾಗ ಪರಿದಿ ಅದರ ಮುಂದೆ ತಟ್ಟೆ ಹಿಡಿದು ಕೂತು ಅಳುತ್ತಿದ್ದ, ವರ್ಷ ತುಂಬೋವರೆಗೆ ತೆಗೆದಿಡು ಮಗಾ, ಕೂಸು ಮರೀಲಿ ಎಂದಿದ್ದಳು ಕೆಳಗಿನ ಮನೆಯಜ್ಜಿ, ತೆಗೆದಿಟ್ಟಿದ್ದಳು. ಹೊರಗೆ ತೆಗೆದು, ಗಾಜು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದಳು, ನುಣ್ಣಗೆ ಕ್ಷೌರ ಮಾಡಿದ ಮುಖ, ಖಾಕಿ ಅಂಗಿ, ಒಂದು ಕಡೆ ಎಳೆದ ನಗು. ಪರಿದಿ ಬಂದು ಅವಳ ಮೊಣಕೈ ಮೇಲೆ ಗಲ್ಲ ಇಟ್ಟ. ಅಮ್ಮಾ, ಈ ಮಾಮ ಯಾರು.

ಅಮುದಾ ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದವಳು ಅಂದಳು, ಲೂಸೇ, ಅಪ್ಪ ಕಣೋ. ಅಲ್ಲ, ಎಂದ ಪರಿದಿ, ಅಕ್ಕನಿಗೆ ಏನೂ ತಿಳಿಯದು ಎಂಬಂತೆ ನಕ್ಕ, ಅಪ್ಪಂಗೆ ಮೀಸೆ ಇದೆ, ಇಷ್ಟುದ್ದ. ಅಪ್ಪ ಬೀದೀಲಿದಾರೆ, ಗೋಡೇಲಿ. ನೀನೇ ಓದಿದ್ಯಲ್ಲ, ಗುಳಿ ಮಾಡೋ ಅಪ್ಪ. ಅಮುದಾ ತಟ್ಟೆ ಕೆಳಗಿಟ್ಟು ತಾಯಿಯನ್ನು ನೋಡಿದಳು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಇಲ್ಲ ಕಂದಾ, ನೋಡು, ಇವರೇ, ಇವರೇ ಅಪ್ಪ, ನೋಡೋ, ಎಂದು ಫೋಟೋ ಅವನ ಮುಖದ ಹತ್ತಿರ ಹಿಡಿದಳು, ಅವನು ನೋಡಿದ, ಹೊಸಬರನ್ನು ನೋಡುವಾಗ ನೋಡುವಂತೆ ಮರ್ಯಾದೆಯಿಂದ ನೋಡಿದ, ಆಮೇಲೆ ಅವಳ ಮಡಿಲಿನ ಕಡೆ ಜರುಗಿ ಕೂತ. ಫೋನು ಬಡಿದುಕೊಳ್ಳುತ್ತಿದೆ, ಚೊಕ್ಕಲಿಂಗಂ ಅಣ್ಣ, ತಂಗೀ, ಸಾಲು ಬಂತಾ, ಹುಡುಗ್ರು ಊಟಕ್ಕೆ ಹೋಗ್ತಾರೆ, ಇಲ್ಲಾಂದ್ರೆ ಹಳೇದೇ ಹಾಕ್ಲಾ, ಆ ಕೈತುತ್ತಿಂದು, ಚೆನ್ನಾಗಿದೆ ಅಂತ ಎಲ್ರೂ ಅಂದ್ರು, ತಂಗೀ, ಕೇಳಿಸ್ತಾ. ಕೇಳಿಸಿತು. ಯಾವ ಸಾಲು, ಟಿಕೆಟ್ ಹರಿದವನೇ, ಯಾರ ತೋಳಿನ ಮೇಲೆ, ಯಾರು, ಎರಡನೆಯದು ಏನು, ಅತ್ತೆ ನಾಳೆ ಗೋಡೆಯ ಮುಂದೆ ನಿಂತು ಓದಿಸುತ್ತಾಳೆ, ಪಕ್ಕದಲ್ಲಿ ಪರಿದಿ ನಿಲ್ಲುತ್ತಾನೆ, ಅಜ್ಜಿಯ ಸೆರಗು ಹಿಡಿದು ಕತ್ತೆತ್ತಿ ನೋಡುತ್ತಾನೆ, ಗುರುತು ಸಿಗುವುದಿಲ್ಲ ಅವನಿಗೆ, ಅಜ್ಜಿಯ ಕೈ ಬಿಡಿಸಿಕೊಂಡು ಓಡುತ್ತಾನೆ, ನಮ್ಮ ಬೀದಿಗೆ, ತಿರುವಿಗೆ, ಆ ಮೀಸೆಯ ಕೆಳಗೆ ನಿಲ್ಲುತ್ತಾನೆ, ಹಸಿವಾಗಿರುತ್ತದೆ — ಆ ಕೈ, ಅಂಗೈ ಮೇಲಾಗಿ, ಬೆರಳು ಮಡಿಸಿ, ಕಾಗದದ ಮುಖದ ಕೆಳಗೆ, ತುತ್ತು ಬೀಳುತ್ತದೆ ಎಂದು ನಂಬಿಕೊಂಡು, ಆ ಕೈ, ಚಾಚಿಕೊಂಡು, ಹಾಗೇ