ಕೈ ಬೆಚ್ಚಗಾದ ವಾರ

ಮಾತ್ರೆ ಬಿಟ್ಟ ಹನ್ನೆರಡನೆಯ ದಿನ ಅವಳು ಬಾಯ್ಲರಿನ ಗೇಜು ನೋಡಿದಳು, ಪೆನ್ನು ಎತ್ತಿಕೊಂಡಳು, ಅಷ್ಟರಲ್ಲಿ ಮುಳ್ಳು ಎಲ್ಲಿ ನಿಂತಿತ್ತೆಂಬುದೇ ಮರೆತುಹೋಗಿತ್ತು. ಮತ್ತೆ ನೋಡಿದಳು. ಮತ್ತೆ ಮರೆತಳು. ಮೂರನೆಯ ಸಲ ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡು ಅಲ್ಲಿಂದ ಪುಸ್ತಕಕ್ಕೆ ಇಳಿಸಿದಳು. ಆಮೇಲೆ ನೇರವಾಗಿ ಸೂಪರ್‌ವೈಸರ್ ಹತ್ತಿರ ಹೋದಳು.

"ಸ್ಕ್ಯಾನ್ ಮುಗಿಯೋ ತನಕ ನನ್ನನ್ನ ಬಾಯ್ಲರ್ ಹತ್ರ ಬಿಡಬೇಡಿ ಸಾರ್. ಬಟ್ಟೆ ಮಡಚ್ತೀನಿ."

ಊರಿನ ಹೋಟೆಲುಗಳ ಹಾಸಿಗೆಬಟ್ಟೆಯೆಲ್ಲ ಬಂದು ಬೀಳುವ ಲಾಂಡ್ರಿ ಅದು. ಹದಿನಾರು ವರ್ಷದಿಂದ ಅದರ ಉಗಿಯನ್ನು ಹದದಲ್ಲಿಟ್ಟವಳು ಅವಳು. ಎಲ್ಲರ ಬಾಯಲ್ಲೂ ಅವಳು ಬಾಯ್ಲರಮ್ಮ.

ಹೋದ ವರ್ಷ ಅವಳ ಕುತ್ತಿಗೆಯಿಂದ ಥೈರಾಯ್ಡ್ ಗ್ರಂಥಿಯನ್ನೂ ಅದರೊಳಗಿನ ಕೆಟ್ಟ ಗಂಟನ್ನೂ ಒಟ್ಟಿಗೆ ತೆಗೆದಿದ್ದರು. ಅಂದಿನಿಂದ ದಿನಾ ಬೆಳಗ್ಗೆ ಬರಿಹೊಟ್ಟೆಗೆ ಒಂದು ಮಾತ್ರೆ. ಗ್ರಂಥಿ ಮಾಡುತ್ತಿದ್ದ ಕೆಲಸವನ್ನು ಆ ಸಾಸಿವೆಯಷ್ಟು ಬಿಳಿ ಬಿಲ್ಲೆ ಮಾಡುತ್ತಿತ್ತು. ಈಗ ರಕ್ತಪರೀಕ್ಷೆಯಲ್ಲಿ ಒಂದು ಅಂಕಿ ಮೆಲ್ಲಗೆ ಏರತೊಡಗಿತ್ತು. ರೋಗ ಇನ್ನೂ ಎಲ್ಲಾದರೂ ಉಳಿದಿದೆಯೇ ಎಂದು ನೋಡಲು ಸ್ಕ್ಯಾನ್ ಆಗಬೇಕೆಂದರು ಡಾಕ್ಟರು.

"ಮಾತ್ರೆ ತಗೊಳ್ಳೋ ತನಕ ಅದು ಮಲಗಿರುತ್ತೆ," ಎಂದಿದ್ದರು ಆಕೆ. "ನಾಲ್ಕು ವಾರ ಮಾತ್ರೆ ನಿಲ್ಲಿಸಿ. ಕೊನೇ ಎರಡು ವಾರ ಅಯೋಡಿನ್ ಉಪ್ಪು, ಹಾಲು, ಮೊಟ್ಟೆ, ಮೀನು ಯಾವುದೂ ಬೇಡ. ಆಗ ಅದು ಹಸಿದು ಏಳುತ್ತೆ. ನಾವು ಕೊಡೋ ವಿಕಿರಣದ ಅಯೋಡಿನ್ ನುಂಗುತ್ತೆ. ಎಲ್ಲಿ ಕೂತಿದೆ ಅಂತ ಕ್ಯಾಮೆರಾಗೆ ಕಾಣುತ್ತೆ."

ಪಕ್ಕದಲ್ಲಿ ಕೂತಿದ್ದ ಗಂಡ ಉಗುರು ಸಂದಿಯ ಗ್ರೀಸನ್ನು ಕೆರೆಯುತ್ತ ಕೇಳಿದ್ದ: "ಅಂದ್ರೆ, ನಾವೇ ಅದನ್ನ ಎಬ್ಬಿಸೋದಾ?"

"ಹೌದು."

ಅವನು ಗ್ಯಾರೇಜಿನ ಮೇಸ್ತ್ರಿ.

ಗೇಜು ಮರೆತ ದಿನ ಅವಳಿಗೆ ಬೇರೆಯೇ ಭಯ ಹುಟ್ಟಿತು. ಅಭ್ಯಾಸಬಲದಿಂದ ಬೆಳಗ್ಗೆದ್ದು ಮಾತ್ರೆ ನುಂಗಿಬಿಟ್ಟರೆ? ನುಂಗಿದ್ದೂ ಮರೆತರೆ? ಮಾತ್ರೆಯ ಸೀಸೆಯನ್ನು ತಗಡಿನ ಡಬ್ಬಿಗೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಗಂಡನ ಅಂಗೈಯಲ್ಲಿಟ್ಟಳು.

ಲಾಂಡ್ರಿಯಲ್ಲಿ ಅವಳೇ ಹೊಸಬರಿಗೆ ಕಲಿಸುವ ಮೊದಲ ಪಾಠ ಇದಕ್ಕೆ ತಿರುಗುಮುರುಗು. ಬಾಯ್ಲರ್ ತೊಳೆಯಲು ಯಾರು ಒಳಗಿಳಿಯುತ್ತಾರೋ ಉಗಿಯ ವಾಲ್ವಿಗೆ ಬೀಗ ಹಾಕಿ ಬೀಗದ ಕೈಯನ್ನು ಅವರೇ ಜೇಬಲ್ಲಿಟ್ಟುಕೊಳ್ಳಬೇಕು. ಹೊರಗಿರುವವರು ದೇವರೇ ಆದರೂ ಕೊಡಕೂಡದು. ವಾಲ್ವು ತಿರುಗಿಸುವವರು ಕೇಡು ಬಯಸುವವರು ಮಾತ್ರವೇ ಅಲ್ಲ. ಒಳಗಿರುವವರು ಚಳಿಯಲ್ಲಿ ನಡುಗುತ್ತಿದ್ದಾರೆಂದು ಮರುಕಪಟ್ಟವರೂ ತಿರುಗಿಸುತ್ತಾರೆ. ಆ ದಿನ ಈ ಪಾಠ ಅವಳ ನೆನಪಿಗೆ ಬರಲಿಲ್ಲ. ಬಂದಿದ್ದರೂ, ಗಂಡನೇನು ಹೊರಗಿನವನೇ ಎಂದುಕೊಳ್ಳುತ್ತಿದ್ದಳು.

ಮುಂದಿನ ದಿನಗಳಲ್ಲಿ ಅವಳ ಮುಖ ನೆನೆಸಿಟ್ಟ ಬ್ರೆಡ್ಡಿನ ಹಾಗೆ ಊದಿತು. ದನಿ ಒಡೆಯಿತು. ಇಸ್ತ್ರಿ ಯಂತ್ರದ ಬಾಯಿಂದ ಬಿಸಿಬಿಸಿಯಾಗಿ ಬರುವ ಚಾದರಗಳನ್ನು ಮಡಚುತ್ತಲೇ ಎರಡು ಸ್ವೆಟರ್ ಹಾಕಿಕೊಂಡು ನಡುಗಿದಳು.

"ಏನಮ್ಮಾ, ಆಮೆ ಜೊತೆ ಪಂದ್ಯ ಕಟ್ಟಿದೀಯಾ?" ಎಂದ ಎದುರಿಗೆ ನಿಂತು ಮಡಚುವ ಇಸ್ತ್ರಿ ತಾತ. "ನೀನು ಒಂದು ಮಡಿಕೆ ಹಾಕೋವಷ್ಟರಲ್ಲಿ ನಾನು ಇನ್ನೊಂದು ಮದುವೆ ಆಗ್ಬಹುದು."

"ಹೆಣ್ಣು ಯಾರು ಕೊಡ್ತಾರೆ ತಾತ?"

"ಅಗೋ, ನಾಲಿಗೆ ಇನ್ನೂ ಬದುಕಿದೆ ಬಿಡು."

ಮನೆಯಲ್ಲಿ ಅಡುಗೆ, ಚಹಾ ಎಲ್ಲ ಗಂಡನದೇ ಆಯಿತು. ಅಯೋಡಿನ್ ಇಲ್ಲದ ಹರಳುಪ್ಪಿಗಾಗಿ ಅವನು ಹನ್ನೊಂದು ಅಂಗಡಿ ತಿರುಗಿದ. ಅನ್ನ ಬಾಯಿಗಿಡುವ ಮುಂಚೆಯೇ ಅವಳು ತೂಕಡಿಸುವುದನ್ನು ಕಂಡು, ತಟ್ಟೆ ಹಿಡಿದು ನಿಂತಲ್ಲೇ ನಿಂತಿರುತ್ತಿದ್ದ.

"ಎಣ್ಣೆ ಇಲ್ದೆ ಇಂಜಿನ್ ಓಡಿಸಿದ್ರೆ ಪಿಸ್ಟನ್ ಕಚ್ಕೊಳ್ಳುತ್ತೆ ಕಣೆ," ಎಂದ ಒಂದು ಸಂಜೆ.

"ನಾನು ನಿಮ್ಮ ಗ್ಯಾರೇಜಿನ ಲಾರಿ ಅಲ್ಲ ರೀ."

"ಲಾರಿ ಆಗಿದ್ರೆ ಬಿಚ್ಚಿ ನೋಡ್ತಿದ್ದೆ."

ಇಪ್ಪತ್ತೈದನೆಯ ದಿನ ಬೆಳಗ್ಗೆ ಬಸ್ಸಿನಲ್ಲಿ ಅವಳು ಒಂದು ಸ್ವೆಟರ್ ತೆಗೆದಳು. ಲಾಂಡ್ರಿಯಲ್ಲಿ ತಾತನಿಗಿಂತ ಮುಂದೆ ಹೋದಳು. ಮಧ್ಯಾಹ್ನ ಯಾರನ್ನೋ ಕೂಗಿದಾಗ ದನಿ ಗೋಡೆಗೆ ಬಡಿದು ವಾಪಸ್ಸು ಬಂತು.

"ಬಂದ್ಲಪ್ಪಾ ನಮ್ಮ ಬಾಯ್ಲರಮ್ಮ," ಎಂದ ತಾತ. ಸುತ್ತಲಿನವರು ನಕ್ಕರು.

ಅವಳು ನಗಲಿಲ್ಲ. ತನ್ನ ಕೈಗಳನ್ನು ಒಂದಕ್ಕೊಂದು ಒತ್ತಿ ನೋಡಿದಳು. ಬೆಚ್ಚಗಿದ್ದವು. ಏರುವ ಮುಳ್ಳಿಗೆ ಅವಳು ಎಂದೂ ಹೆದರಿದವಳಲ್ಲ. ಏರಿದರೆ ಏನು ಮಾಡಬೇಕೆಂದು ಗೊತ್ತು. ಯಾರೂ ಏನೂ ಮುಟ್ಟದೆ ತಾನಾಗಿ ಸರಿಹೋದ ಮುಳ್ಳೇ ಅವಳ ಎದೆ ನಡುಗಿಸುವುದು. ಈ ದಿನಗಳಲ್ಲಿ ತಾನು ಇನ್ನಷ್ಟು ಕುಗ್ಗಬೇಕಿತ್ತು. ಯಾವ ಒಲೆ ಉರಿಯುತ್ತಿದೆ ಒಳಗೆ?

ಸಂಜೆ ಕೇಳಿದಳು. "ರೀ, ಆ ಡಬ್ಬಿ ಏನಾದ್ರೂ ತೆಗೆದ್ರಾ?"

"ನಾನ್ಯಾಕೆ ತೆಗೀಲಿ?" ಎಂದ ಅವನು, ಸಿಂಕಿನ ಕಡೆ ತಿರುಗಿಕೊಂಡು. ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದ.

ಬೀಗದ ಕೈ ಕೊಡಿ ಎನ್ನಬಹುದಿತ್ತು. ಎನ್ನಲಿಲ್ಲ. ಮೈ ಹಗುರವಾಗಿತ್ತು, ಊಟ ರುಚಿಸಿತ್ತು, ಅಂದು ಹಾಸಿಗೆಯಲ್ಲಿ ಅವಳ ಪಾದ ಸೋಕಿದಾಗ ಗಂಡ ಹಿಂದಿನಂತೆ ಬೆಚ್ಚಿಬೀಳಲಿಲ್ಲ. ಮರುದಿನ ಬೆಳಗ್ಗೆ ಅವನು ಹಾಲಿಲ್ಲದ ಚಹಾ ತಂದಿಟ್ಟ. ಅವಳು ಲೋಟದ ತಳವನ್ನು ಬಹಳ ಹೊತ್ತು ನೋಡಿದಳು. ಏನೂ ಕಾಣಲಿಲ್ಲ. ಕುಡಿದಳು. ಅದರ ಮರುದಿನವೂ ಕುಡಿದಳು.

ಸ್ಕ್ಯಾನಿಗೆ ಎರಡು ದಿನ ಮುಂಚೆ ರಕ್ತ ಕೊಟ್ಟು, ವರದಿಗಾಗಿ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತರು. ಕಾಗದ ಹಿಡಿದು ಬಂದ ಸಿಸ್ಟರ್ ಮುಖದಲ್ಲಿ ನಗುವಿರಲಿಲ್ಲ.

"ಮಾತ್ರೆ ನಿಲ್ಲಿಸಿದ್ರಾ ಅಮ್ಮಾ?"

"ನಿಲ್ಸಿದ್ದೀನಿ."

"ಮಾತ್ರೆ ಬಿಟ್ರೆ ಏರೋ ಟಿಎಸ್‌ಎಚ್ ಮೂವತ್ತು ದಾಟಬೇಕಿತ್ತು. ಆರು ತೋರಿಸ್ತಿದೆ. ಇಷ್ಟಕ್ಕೆ ಅದು ಎದ್ದಿರಲ್ಲ, ಕ್ಯಾಮೆರಾಗೆ ಏನೂ ಕಾಣಲ್ಲ. ನಿಮಗೆ ಅಂತ ತರಿಸ್ತಿದ್ದ ಅಯೋಡಿನ್ ಡೋಸ್ ರದ್ದು ಮಾಡ್ಬೇಕು. ಮುಂದಿನ ಸರದಿ ಐದು ವಾರ ಆದ್ಮೇಲೆ." ಕಾಗದ ಮಡಚುತ್ತ ಕೇಳಿದಳು, "ಮನೇಲಿ ಯಾರಾದ್ರೂ ಕೊಟ್ರಾ?"

ಗಂಡ ಬೆಂಚಿನಿಂದ ಎದ್ದು ನಿಂತ. ಎದ್ದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗೋಡೆ ಹಿಡಿದ.

"ಮೊದಲು ಅರ್ಧ," ಎಂದ. "ಚಹಾದಲ್ಲಿ. ಹದಿನೈದನೇ ದಿನದಿಂದ. ಗುಣ ಕಾಣಿಸ್ತು. ಆಮೇಲೆ ಒಂದು." ಸಿಸ್ಟರ್ ಕಡೆಗಲ್ಲ, ಹೆಂಡತಿಯ ಕಡೆಗೂ ಅಲ್ಲ, ಎದುರಿನ ಕಿಟಕಿಗೆ ಹೇಳುತ್ತಿದ್ದ. "ಉಸಿರು ಎಣಿಸ್ತಾ ಕೂರ್ತಿದ್ದೆ ನಾನು. ಒಂದಾದ ಮೇಲೆ ಇನ್ನೊಂದು ಬರೋಕೆ ಎಷ್ಟು ಹೊತ್ತಾಗ್ತಿತ್ತು ಅಂತ ಇವಳಿಗೇನು ಗೊತ್ತು."

"ಗೊತ್ತಿತ್ತು," ಎಂದಳು ಅವಳು.

"ಏನು?"

"ಚಹಾದಲ್ಲಿದೆ ಅಂತ. ಪೂರಾ ಅಲ್ಲ. ಅರ್ಧ ಗೊತ್ತಿತ್ತು. ಕುಡಿದೆ."

ಅವನು ಮೊದಲ ಬಾರಿಗೆ ಅವಳತ್ತ ತಿರುಗಿದ. ಬೈಗುಳವನ್ನು ನಿರೀಕ್ಷಿಸಿದ್ದವನು ಗೋಡೆ ಬಿಟ್ಟು ಮತ್ತೆ ಅವಳ ಪಕ್ಕ ಕೂತ.

ಡಾಕ್ಟರು ಒಳಗೆ ಕರೆದರು. ಗದರಲಿಲ್ಲ. ಇವತ್ತಿನಿಂದ ಮತ್ತೆ ಒಂದನೆಯ ದಿನ, ಎಂದರು. ಚಳಿ, ಮಂಕು, ಊತ ಎಲ್ಲ ಮೊದಲಿನಿಂದ. "ಬಂದಿದ್ದೀರಲ್ಲ, ಕುತ್ತಿಗೆ ನೋಡ್ತೀನಿ ಬನ್ನಿ."

ಅವಳು ಗಲ್ಲವೆತ್ತಿ ಕೂತಳು. ಡಾಕ್ಟರ ಬೆರಳುಗಳು ಹಳೆಯ ಗಾಯದ ಗೆರೆಯ ಉದ್ದಕ್ಕೂ ಹೋದವು, ಎಡಗಡೆ ಇಳಿದವು, ಕಿವಿಯ ಕೆಳಗೆ ಬಂದವು, ಬಲಗಡೆಗೆ ದಾಟಿದವು. ಆಮೇಲೆ ಎಡಗಡೆಗೆ ವಾಪಸ್ಸು ಬಂದವು. ಕಿವಿಯ ಕೆಳಗೆ, ಅದೇ ಜಾಗದಲ್ಲಿ ನಿಂತವು.

"ನುಂಗಿ," ಎಂದರು.

ನುಂಗಿದಳು.

"ಇನ್ನೊಂದು ಸಲ."

ಮೂಲೆಯಲ್ಲಿ ನಿಂತಿದ್ದ ಗಂಡ ಒಂದು ಹೆಜ್ಜೆ ಮುಂದೆ ಬಂದ. "ಅಲ್ಲೇನಿದೆ ಡಾಕ್ಟ್ರೇ?"

ಡಾಕ್ಟರು ಕೈ ತೆಗೆದರು, ಮೇಜಿನ ಬಳಿ ಹೋಗಿ ಏನನ್ನೋ ಬರೆದರು, ಬರೆದದ್ದರ ಕೆಳಗೆ ಗೆರೆ ಎಳೆದರು.

"ಅದನ್ನ ನೋಡೋಕೇ ಅಲ್ವಾ," ಎಂದರು, "ಈ ಸ್ಕ್ಯಾನು."