ಜೇಡನ ಹೂವಿನ ಗೆಡ್ಡೆ

"ಏಯ್ ಮುದಿಗೂಬೆ, ಗೆಡ್ಡೆಗೆ ಗಾಯ ಆದ್ರೆ ನಿನ್ನ ಚರ್ಮ ಸುಲೀತೀನಿ!"

ಧಣಿ ಫೆನ್ವಿಕ್ ಬೂಟುಗಾಲು ನೆಲಕ್ಕೆ ಕುಟ್ಟಿದ. ಬೆಸ್ಸಿ ಅಜ್ಜಿ ತಲೆಯೆತ್ತಲಿಲ್ಲ. ಕೋಲಿನಿಂದ ಮಣ್ಣು ಕೆದಕಿ, ಜೇಡದ ಕಾಲಿನಂತೆ ಉದ್ದ ಎಸಳು ಚಾಚಿದ ಜೇಡನ ಹೂವಿನ ಗಿಡವನ್ನು ಗೆಡ್ಡೆಸಮೇತ ಎತ್ತಿ ಪೆಟ್ಟಿಗೆಯಲ್ಲಿ ಇಟ್ಟಳು. ಪರ್ತ್ ಪಟ್ಟಣದ ಯಾವಳೋ ದೊರೆಸಾನಿಯ ಗಾಜಿನ ಮನೆಗೆ ಇವು ಬೇಕಂತೆ, ಒಂದೂ ಬಿಡದಂತೆ. ಈ ಬಂಡೆಯ ಬುಡದ ಮಣ್ಣು ಬಿಟ್ಟರೆ ಇವು ಸಾಯುತ್ತವೆಂದು ಅಜ್ಜಿ ಬೆಳಿಗ್ಗೆಯೇ ಹೇಳಿದ್ದಳು. ಕೇಳುವವರು ಯಾರು?

ಅವಳ ಬೆರಳು ನೋಡಿ ನಾನು ಪಕ್ಕಕ್ಕೆ ಸರಿದೆ. ತಿನ್ನಲು ಅಗೆಯುವಾಗ ಈ ನೆಲದ ಮೂಲದವರಾದ ನಾವು ನೂಂಗಾರ್ ಹೆಂಗಸರು ಮಾಡುವ ಹಾಗೆಯೇ, ಜೋಡಿ ಗೆಡ್ಡೆಯಲ್ಲಿ ಒಂದನ್ನು ಮುರಿದು, ಮತ್ತೆ ಚಿಗುರಲೆಂದು ಗುಂಡಿಗೇ ಹಾಕಿ ಮುಚ್ಚುತ್ತಿದ್ದಳು.

"ಅಜ್ಜೀ, ಬಿಡೇ. ನೋಡ್ಬಿಟ್ರೆ ಚೀಟಿ ಬರೀತಾನೆ."

"ಲೇ ಇವೀ, ಕೈ ಮಾತ್ ಕೇಳಲ್ಲ ಕಣೇ. ನಮ್ಮವ್ವ ಪಳಗಿಸಿದ್ ಕೈ ಇದು."

ಚೀಟಿ ಅಂದರೆ ರೈಲು. ಕಳೆದ ಚಳಿಗಾಲ ಧಣಿ ನನ್ನ ಅಕ್ಕನ ಹೆಸರು ಬರೆದ. ಪೊಲೀಸಿನವನು ಬಂದು ಅವಳನ್ನು ರೈಲು ಹತ್ತಿಸಿ, ಎಲ್ಲೋ ದೂರದಲ್ಲಿ ನಮ್ಮವರನ್ನು ಕೂಡಿಹಾಕುವ ಸರ್ಕಾರಿ ಬೇಲಿಯೊಳಗೆ ದೂಡಿದ. ಆಮೇಲೆ ಸುದ್ದಿಯೇ ಇಲ್ಲ. ಅಜ್ಜಿಯೂ ಹೋದರೆ ನನಗೆ ಇನ್ಯಾರು?

ಫೆನ್ವಿಕ್ ಪೆಟ್ಟಿಗೆಯತ್ತ ಬಗ್ಗಿದ. ಗೆಡ್ಡೆ ಮುರಿದ ಗುರುತು ಕಂಡೇಬಿಟ್ಟಿತು.

"ಕಳ್ಳಮುಂಡೆ! ನನ್ನ ನೆಲದಲ್ಲೇ ಕದ್ದು ಮುಚ್ತೀಯಾ?"

"ನಿಮ್ಮಪ್ಪ ಹುಟ್ಟೋಕ್ ಮುಂಚೆ ಈ ಗೆಡ್ಡೆ ಸುಟ್ಕೊಂಡ್ ತಿಂದೋಳು ಕಣೋ ನಾನು."

ಅವನು ಅವಳ ಕೋಲು ಕಿತ್ತು ಮೊಣಕಾಲಿಗೆ ಕೊಟ್ಟು ಮುರಿದ. ನನ್ನ ಕಡೆ ತಿರುಗಿದ.

"ಲೇ ಹುಡುಗಿ, ಎಲ್ಲಾ ಗುಂಡಿ ಮತ್ತೆ ಬಗಿ. ಒಂದೇ ಒಂದು ಗೆಡ್ಡೆ ಉಳಿದ್ರೂ ಮುದುಕಿ ನಾಳೆ ರೈಲಲ್ಲಿ."

ನಾನು ಮಂಡಿಯೂರಿದೆ. ಮಣ್ಣಿಗೆ ಕೈ ಹಾಕಿದರೆ ಗೆಡ್ಡೆ ಬೆರಳಿಗೆ ಸಿಕ್ಕಿತು, ಬಟಾಣಿಯಷ್ಟು. ಎಳೆದುಬಿಡೋಣ, ಅಜ್ಜಿ ಉಳಿದರೆ ಸಾಕು ಅನ್ನಿಸಿತು.

"ಬಗೀಬೇಡ ಕಣವ್ವಾ," ಎಂದಳು ಅಜ್ಜಿ. "ನಾ ಹೋಯ್ತೀನಿ."

ನಾನು ಕೈ ಹೊರಗೆ ತೆಗೆದೆ. ಮಣ್ಣು ಮುಚ್ಚಿ, ಅದರ ಮೇಲೆಯೇ ಕೂತುಬಿಟ್ಟೆ.

"ಏಳೇ ಬೋಸುಡಿ!"

"ನನ್ ಹೆಸ್ರೂ ಬರ್ಕೊ," ಎಂದೆ. "ಇಬ್ರುದೂ ಒಂದೇ ಚೀಟೀಲಿ ಬರಿ."

ಅವನು ಕಿಸೆಯಿಂದ ಪೆನ್ಸಿಲ್ ತೆಗೆದು, ತುದಿಯನ್ನು ನಾಲಿಗೆಗೆ ತಾಗಿಸಿ ಬರೆಯತೊಡಗಿದ. ಹೆದರಿಕೆಗೆ ನನ್ನ ಲಂಗ ಒದ್ದೆಯಾಯಿತು. ಏಳಲಿಲ್ಲ.